ನೂರು ವರ್ಷ ಕೈಗೆ ಸಿಕ್ಕಿತ್ತು, ಕಣ್ಣಿಗೆ ಸಿಕ್ಕಿರಲಿಲ್ಲ: ಕೊಲಾಸಲ್ ಸ್ಕ್ವಿಡ್ ಕಂಡ ಬಗೆ

2025ರ ಮಾರ್ಚ್ 9ರಂದು ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಬಳಿ, ನೀರಿನ ಮೇಲ್ಮೈಯಿಂದ 600 ಮೀಟರ್ ಕೆಳಗೆ, ಕ್ಯಾಮೆರಾ ಹೊತ್ತ ರೋಬಾಟ್ ಒಂದರ ಎದುರು ಗಾಜಿನಂಥ ಜೀವಿಯೊಂದು ತೇಲುತ್ತಿತ್ತು. ಉದ್ದ ಸುಮಾರು 30 ಸೆಂಟಿಮೀಟರ್, ಶಾಲಾ ಮಕ್ಕಳ ಸ್ಕೇಲಿನಷ್ಟು. ಮೈಯೊಳಗಿನ ಅಂಗಗಳೆಲ್ಲ ಹೊರಗೆ ಕಾಣುತ್ತಿದ್ದವು. ಹಡಗಿನಲ್ಲಿದ್ದವರಿಗೆ ಅದು ಏನೆಂದು ಆಗ ಖಚಿತವಿರಲಿಲ್ಲ. ಚೆನ್ನಾಗಿದೆ, ಅಪರೂಪದ್ದು ಎನ್ನಿಸಿದ್ದಕ್ಕೆ ಚಿತ್ರೀಕರಿಸಿಕೊಂಡರು. ಪರಿಣತರು ದೃಶ್ಯ ಪರಿಶೀಲಿಸಿದ ಮೇಲೆ ಏಪ್ರಿಲ್ 15ರಂದು ಸುದ್ದಿ ಹೊರಬಿತ್ತು: ಅದು ಕೊಲಾಸಲ್ ಸ್ಕ್ವಿಡ್‌ನ ಮರಿ. ಬೆನ್ನೆಲುಬಿಲ್ಲದ ಪ್ರಾಣಿಗಳಲ್ಲೇ ಅತಿ ಭಾರದ್ದು ಎನಿಸಿಕೊಂಡ ಈ ಜೀವಿಗೆ ವಿಜ್ಞಾನಿಗಳು ಹೆಸರಿಟ್ಟದ್ದು 1925ರಲ್ಲಿ. ಅದರದೇ ನೀರಿನಲ್ಲಿ, ಜೀವಂತವಾಗಿ ಅದು ಕ್ಯಾಮೆರಾಗೆ ಸಿಕ್ಕಿದ್ದು ಇದೇ ಮೊದಲು.

ಅರ್ಧ ಟನ್ ತೂಗುವ ಪ್ರಾಣಿಯೊಂದು ಇದೆ ಎಂದು ಗೊತ್ತಿದ್ದೂ ನೂರು ವರ್ಷ ಕಾಣದೇ ಉಳಿದದ್ದು ಹೇಗೆ? ಸಮುದ್ರ ದೊಡ್ಡದು ಎಂಬುದು ಅರ್ಧ ಉತ್ತರ ಮಾತ್ರ. ನಾವು ಹುಡುಕುತ್ತಿದ್ದ ರೀತಿಯೇ ಅದನ್ನು ದೂರ ಓಡಿಸುತ್ತಿತ್ತು ಎಂಬುದು ಉಳಿದರ್ಧ.

ಬೊಂಡಾಸ್‌ನಿಂದಲೇ ಶುರುಮಾಡೋಣ

ಸ್ಕ್ವಿಡ್ ನಮಗೆ ಹೊಸದಲ್ಲ. ಮಂಗಳೂರು, ಮಲ್ಪೆ ಕಡೆ ಅದೇ ಬೊಂಡಾಸ್. ಬಂದರಿನಿಂದ ತಂದು ಮನೆಯಲ್ಲಿ ಶುಚಿ ಮಾಡಿದವರಿಗೆ ಅದರ ಅಂಗರಚನೆ ಅರ್ಧ ಗೊತ್ತಿರುತ್ತದೆ. ತಲೆ ಹಿಡಿದು ಎಳೆದರೆ ಚೀಲದಂಥ ಮೈಯೊಳಗಿಂದ ಕರುಳು, ಶಾಯಿಯ ಚೀಲ ಎಲ್ಲ ಒಟ್ಟಿಗೆ ಹೊರಬರುತ್ತದೆ. ಚೀಲದ ಬೆನ್ನಿನ ಕಡೆ ಪ್ಲಾಸ್ಟಿಕ್ ಪಟ್ಟಿಯಂಥ ಪಾರದರ್ಶಕ ಗರಿ ಇರುತ್ತದೆ. ಮೂಳೆಯಿಲ್ಲದ ಈ ಮೈಗೆ ಆಧಾರ ಅದೊಂದೇ. ತೋಳುಗಳು ಸೇರುವ ನಡುವಿನ ಜಾಗವನ್ನು ಎರಡು ಬೆರಳಲ್ಲಿ ಒತ್ತಿದರೆ ಕಂದು ಬಣ್ಣದ ಗಟ್ಟಿ ತುಂಡೊಂದು ಪುಳಕ್ಕನೆ ಆಚೆ ಬರುತ್ತದೆ. ಅದು ಗಿಳಿಯ ಮೂತಿಯನ್ನು ಹೋಲುವ ಕೊಕ್ಕು.

ಸ್ಕ್ವಿಡ್‌ಗೆ ಎಂಟು ತೋಳು, ಅವುಗಳಿಗಿಂತ ಉದ್ದನೆಯ ಎರಡು ಬಾಹು. ಉದ್ದನೆಯ ಬಾಹುಗಳು ಬೇಟೆಯನ್ನು ಎಳೆದು ತರುತ್ತವೆ, ಎಂಟು ತೋಳುಗಳು ಅದನ್ನು ಕೊಕ್ಕಿನ ಬಳಿ ಅಮುಕಿ ಹಿಡಿಯುತ್ತವೆ. ತೋಳಿನ ಮೇಲಿನ ಹೀರುಬಟ್ಟಲುಗಳನ್ನು ಬೆರಳಿನಿಂದ ಸವರಿದರೆ ಒರಟು ಅನ್ನಿಸುವುದು ಅವುಗಳ ಅಂಚಿನಲ್ಲಿರುವ ಸಣ್ಣ ಹಲ್ಲಿನ ಉಂಗುರದಿಂದ. ಕೆಲವು ಜಾತಿಗಳಲ್ಲಿ ಈ ಉಂಗುರವೇ ಬೆಳೆದು ಚೂಪಾದ ಕೊಕ್ಕೆಯಾಗಿದೆ.

ಕೊಕ್ಕು ಮತ್ತು ಕೊಕ್ಕೆ, ಈ ಎರಡು ಪದಗಳನ್ನು ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳಿ. ಕೊಲಾಸಲ್ ಸ್ಕ್ವಿಡ್ ಇದೆ ಎಂದು ತಿಳಿಯಲು ಬಹುಕಾಲ ನೆರವಾದದ್ದು ಕೊಕ್ಕು. ಈ ಮರಿ ಅದರದೇ ಎಂದು ತಿಳಿಸಿದ್ದು ಕೊಕ್ಕೆ.

ಜೈಂಟ್ ಬೇರೆ, ಕೊಲಾಸಲ್ ಬೇರೆ

ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುತ್ತವೆ. ಜೈಂಟ್ ಸ್ಕ್ವಿಡ್ ಬಹುತೇಕ ಎಲ್ಲ ಮಹಾಸಾಗರಗಳಲ್ಲೂ ಇದೆ. ತೆಳ್ಳಗಿನ ಮೈ, ಬಹಳ ಉದ್ದದ ಬಾಹುಗಳು; ಬಾಹುಗಳೂ ಸೇರಿದರೆ 12 ಮೀಟರ್ ಆಸುಪಾಸು ಬೆಳೆಯುತ್ತದೆ. ಕೊಲಾಸಲ್ ಸ್ಕ್ವಿಡ್ ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಮಹಾಸಾಗರದ್ದು. ಉದ್ದದಲ್ಲಿ ಜೈಂಟ್‌ಗೆ ಸೋಲುತ್ತದೆ, ತೂಕದಲ್ಲಿ ಗೆಲ್ಲುತ್ತದೆ. ಏಳು ಮೀಟರ್‌ವರೆಗೆ, ಸುಮಾರು 500 ಕಿಲೋವರೆಗೆ ಬೆಳೆಯಬಹುದೆಂಬುದು ಅಂದಾಜು. ಇದರ ವೈಜ್ಞಾನಿಕ ಹೆಸರು ಮೆಸೊನಿಕೊಟೂಥಿಸ್ ಹ್ಯಾಮಿಲ್ಟೊನಿ. ಉಚ್ಚರಿಸಲು ನಾಲಿಗೆ ತಿರುಚಬೇಕಾದರೂ ಅರ್ಥ ಸರಳ: ಮೊದಲ ಪದವನ್ನು ಬಿಡಿಸಿದರೆ ‘ನಡುವಿನಲ್ಲಿ ಕೊಕ್ಕೆಯಿರುವ ಸ್ಕ್ವಿಡ್’.

ಕುಟುಂಬದ ಲೆಕ್ಕದಲ್ಲಿ ಇದು ‘ಗಾಜಿನ ಸ್ಕ್ವಿಡ್’ಗಳ ಬಳಗಕ್ಕೆ ಸೇರುತ್ತದೆ. ಈ ಬಳಗದಲ್ಲಿ ಸುಮಾರು 60 ಜಾತಿಗಳಿದ್ದು, ಹೆಚ್ಚಿನವು ಚಿಕ್ಕವು, ಪಾರದರ್ಶಕ. ಇವುಗಳ ಮೈಯಲ್ಲಿ ಸಮುದ್ರದ ನೀರಿಗಿಂತ ಹಗುರವಾದ ಅಮೋನಿಯಂ ದ್ರವ ತುಂಬಿದ ದೊಡ್ಡ ಕೋಣೆ ಇರುತ್ತದೆ. ಹಾಗಾಗಿ ಈಜದೆಯೂ ಮುಳುಗದೆ ನಿಂತಲ್ಲೇ ತೇಲಬಲ್ಲವು. ಹುರಿದು ತಿನ್ನುವ ಆಸೆ ಬೇಡ, ಅಮೋನಿಯಾದ ಕಹಿ ಬಿಡುವುದಿಲ್ಲ.

ತಿಮಿಂಗಿಲದ ಹೊಟ್ಟೆಯಲ್ಲಿದ್ದ ದಾಖಲೆ

1924–25ರ ಹೊತ್ತಿಗೆ ಫಾಕ್‌ಲ್ಯಾಂಡ್ ದ್ವೀಪಗಳ ಬಳಿ ಬೇಟೆಯಾದ ಸ್ಪರ್ಮ್ ತಿಮಿಂಗಿಲವೊಂದರ ಹೊಟ್ಟೆಯಲ್ಲಿ ತೋಳುಗಳ ತುಂಡುಗಳು ಸಿಕ್ಕಿದವು. ಅವುಗಳನ್ನು ನೋಡಿಯೇ ಬ್ರಿಟಿಷ್ ಪ್ರಾಣಿವಿಜ್ಞಾನಿ ಗೈ ಕೋಬರ್ನ್ ರಾಬ್ಸನ್ 1925ರಲ್ಲಿ ಹೊಸ ಜಾತಿಯೆಂದು ವಿವರಿಸಿದರು. ಆ ಮೇಲೂ ದಶಕಗಳ ಕಾಲ ಮಾಹಿತಿಯ ಮುಖ್ಯ ಮೂಲ ತಿಮಿಂಗಿಲದ ಹೊಟ್ಟೆಯೇ. ಮಾಂಸ ಜೀರ್ಣವಾಗುತ್ತದೆ, ಕೈಟಿನ್ ಮತ್ತು ಪ್ರೋಟೀನ್‌ನಿಂದಾದ ಕೊಕ್ಕು ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಒಂದೇ ತಿಮಿಂಗಿಲದ ಹೊಟ್ಟೆಯಲ್ಲಿ ಬೇರೆಬೇರೆ ಜಾತಿಗಳ ಸಾವಿರಾರು ಕೊಕ್ಕುಗಳು ಸಿಗುವುದುಂಟು. ಕೊಕ್ಕಿನ ಆಕಾರದಿಂದ ಜಾತಿ, ಅಳತೆಯಿಂದ ಮೈಯ ಗಾತ್ರ ಲೆಕ್ಕಹಾಕುತ್ತಾರೆ.

ಇಡೀ ಪ್ರಾಣಿಯನ್ನು ಕೂಲಂಕಷವಾಗಿ ನೋಡುವ ದೊಡ್ಡ ಅವಕಾಶವೊಂದು ಬಂದದ್ದು 2007ರಲ್ಲಿ. ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿ ನ್ಯೂಜಿಲೆಂಡ್‌ನ ಮೀನುಗಾರರು ಟೂತ್‌ಫಿಶ್ ಹಿಡಿಯಲು ಉದ್ದನೆಯ ಗಾಳದ ಹಗ್ಗ ಇಳಿಬಿಟ್ಟಿದ್ದರು. ಗಾಳಕ್ಕೆ ಬಿದ್ದ ಮೀನನ್ನು ತಿನ್ನಲು ಬಂದ ಕೊಲಾಸಲ್ ಸ್ಕ್ವಿಡ್ ಮೀನನ್ನು ಬಿಡದೆ ಅದರ ಜೊತೆಗೇ ಮೇಲೆ ಬಂತು. ತೂಕ 495 ಕಿಲೋ. ಹಡಗಿನಲ್ಲೇ ಹೆಪ್ಪುಗಟ್ಟಿಸಿ ವೆಲಿಂಗ್ಟನ್‌ನ ಟೆ ಪಾಪಾ ವಸ್ತುಸಂಗ್ರಹಾಲಯಕ್ಕೆ ತಂದರು.

ಅಲ್ಲಿ ಎದುರಾದದ್ದು ಫ್ರೀಜರಿನಿಂದ ದೊಡ್ಡ ಮೀನು ತೆಗೆದವರಿಗೆಲ್ಲ ಗೊತ್ತಿರುವ ಸಮಸ್ಯೆ, ಸಾವಿರ ಪಟ್ಟು ದೊಡ್ಡದಾಗಿ. ಹಾಗೇ ಹೊರಗಿಟ್ಟರೆ ಒಳಗಿನ ಮಂಜು ಕರಗುವಷ್ಟರಲ್ಲಿ ಹೊರಗಿನ ಮಾಂಸ ಕೊಳೆಯುತ್ತದೆ. ಅದಕ್ಕೆ 2008ರಲ್ಲಿ ಅದನ್ನು ತಣ್ಣನೆಯ ಉಪ್ಪುನೀರಿನ ತೊಟ್ಟಿಯಲ್ಲಿಟ್ಟು ನಿಧಾನವಾಗಿ ಕರಗಿಸಿದರು. ಉಪ್ಪುನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ನೀರಾಗಿಯೇ ಇರುವುದರಿಂದ ಮೈಯ ಹೊರಭಾಗ ತಂಪಾಗಿದ್ದುಕೊಂಡೇ ಒಳಭಾಗ ಸಡಿಲವಾಗುತ್ತದೆ. ಕರಗಿದ ಮೇಲೆ ಅಳೆದರೆ ಉದ್ದ ಬರೀ 4.2 ಮೀಟರ್! ಮೊದಲು ಹತ್ತು ಮೀಟರ್ ಎಂಬ ಅಂದಾಜಿತ್ತು. ಸತ್ತ ಮೇಲೆ ಬಾಹುಗಳು ಮುದುಡಿದ್ದು ಈ ವ್ಯತ್ಯಾಸಕ್ಕೆ ಒಂದು ಕಾರಣ. ಸ್ಕ್ವಿಡ್‌ನ ಬಾಹು ರಬ್ಬರಿನಂತೆ, ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ‘ಬಸ್ಸಿನಷ್ಟು ಉದ್ದ’ ಎಂಬ ಹೋಲಿಕೆ ಕಂಡಾಗ ಇದು ನೆನಪಿರಲಿ. ವಿಜ್ಞಾನಿಗಳು ಒಟ್ಟು ಉದ್ದಕ್ಕಿಂತ ಚೀಲದಂಥ ಮೈಯ ಉದ್ದವನ್ನೇ ಹೆಚ್ಚು ನಂಬುತ್ತಾರೆ. ಇದರದು 2.5 ಮೀಟರ್ ಇತ್ತು.

ಕಣ್ಣಿನ ಅಡ್ಡಳತೆ ಸುಮಾರು 27 ಸೆಂಟಿಮೀಟರ್, ಫುಟ್‌ಬಾಲ್‌ಗಿಂತ ದೊಡ್ಡದು. ಕೆಳಕೊಕ್ಕಿನ ತುದಿಭಾಗ 42.5 ಮಿಲಿಮೀಟರ್. ತಿಮಿಂಗಿಲಗಳ ಹೊಟ್ಟೆಯಲ್ಲಿ 49 ಮಿಲಿಮೀಟರ್‌ನ ಕೊಕ್ಕೂ ಸಿಕ್ಕಿದೆ. ಅಂದರೆ ಇದಕ್ಕಿಂತ ದೊಡ್ಡವು ಕೆಳಗಿವೆ.

600 ಮೀಟರ್ ಎಂದರೆ ಎಂಥ ಜಾಗ?

ಕಡಲಿನ ಮೇಲಿನ 200 ಮೀಟರ್‌ನಲ್ಲಿ ಪಾಚಿ, ಸಸ್ಯಜೀವಿಗಳು ಬೆಳೆಯುವಷ್ಟು ಬೆಳಕಿರುತ್ತದೆ. 200ರಿಂದ 1,000 ಮೀಟರ್‌ವರೆಗಿನದು ಮಬ್ಬಿನ ವಲಯ. ದೀಪ ಹಚ್ಚುವ ಹೊತ್ತಿನ ಕಡೆಯ ಬೆಳಕಿದೆಯಲ್ಲ, ಅದಕ್ಕಿಂತಲೂ ಕ್ಷೀಣವಾದ ನೀಲಿ ಮಾತ್ರ ಉಳಿದಿರುತ್ತದೆ. 1,000 ಮೀಟರ್ ದಾಟಿದರೆ ಸೂರ್ಯನ ಬೆಳಕೇ ಇಲ್ಲ.

ನೀರು ಎಲ್ಲ ಬಣ್ಣಗಳನ್ನು ಒಂದೇ ಸಮ ನುಂಗುವುದಿಲ್ಲ. ಮೊದಲು ಹೋಗುವುದು ಕೆಂಪು, ಕೆಲವೇ ಹತ್ತು ಮೀಟರ್‌ಗಳಲ್ಲಿ. ಕೊನೆಯವರೆಗೆ ಬರುವುದು ನೀಲಿ. ಆಳದ ಎಷ್ಟೋ ಪ್ರಾಣಿಗಳು ಕೆಂಪಗಿರುವುದು ಇದೇ ಕಾರಣಕ್ಕೆ. ಪ್ರತಿಫಲಿಸಲು ಕೆಂಪು ಬೆಳಕೇ ಇಲ್ಲದ ಕಡೆ ಕೆಂಪು ಮೈ ಕಪ್ಪಾಗಿ ಕಾಣುತ್ತದೆ, ಕತ್ತಲಲ್ಲಿ ಬೆರೆತುಹೋಗುತ್ತದೆ. ಅಲ್ಲಿಯ ಬಹುಪಾಲು ಜೀವಿಗಳ ಕಣ್ಣಿಗೂ ಕೆಂಪು ಕಾಣಿಸುವುದಿಲ್ಲ. ಈ ಅಂಶ ಮುಂದೆ ಕೆಲಸಕ್ಕೆ ಬರುತ್ತದೆ.

ಇನ್ನು ಒತ್ತಡ. ಪ್ರತಿ 10 ಮೀಟರ್ ಇಳಿದಂತೆ ವಾತಾವರಣದ ಒತ್ತಡದಷ್ಟು ಹೆಚ್ಚುವರಿ ಹೊರೆ ಬೀಳುತ್ತದೆ. 600 ಮೀಟರ್‌ನಲ್ಲಿ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 60 ಕಿಲೋ. ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ 50 ಕಿಲೋದ ಸಿಮೆಂಟ್ ಮೂಟೆ, ಮೇಲೆ ಇನ್ನೊಂದಿಷ್ಟು. ಹಾಗಾದರೆ ಸ್ಕ್ವಿಡ್ ಅಪ್ಪಚ್ಚಿಯಾಗುವುದಿಲ್ಲವೇಕೆ? ಖಾಲಿ ನೀರಿನ ಬಾಟಲಿಗೆ ಮುಚ್ಚಳ ಹಾಕಿ ಹಿಂಡಿ, ಸೊಟ್ಟಗಾಗುತ್ತದೆ. ಬಾಯಿವರೆಗೆ ನೀರು ತುಂಬಿ ಮುಚ್ಚಳ ಹಾಕಿ ಹಿಂಡಿ, ಹೆಚ್ಚುಕಡಿಮೆ ಜಗ್ಗುವುದಿಲ್ಲ. ಒತ್ತಡಕ್ಕೆ ಕುಗ್ಗುವುದು ಗಾಳಿ. ಸ್ಕ್ವಿಡ್‌ನ ಮೈಯಲ್ಲಿ ಗಾಳಿಯ ಚೀಲವೇ ಇಲ್ಲ, ಹೊರಗೂ ಒಳಗೂ ನೀರೇ.

ಬಲೆಯಲ್ಲಿ ಹಾಳಾಗುವುದೇನು?

ಗಾಳಿಚೀಲವಿರುವ ಮೀನುಗಳ ಪಾಡು ಬೇರೆ. ಘಟ್ಟ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬಿಕೊಳ್ಳುವುದನ್ನು ನೋಡಿರುತ್ತೀರಿ. ಆಳದಿಂದ ಬಲೆಯಲ್ಲಿ ಮೇಲೆ ಬರುವ ಮೀನಿನ ಹೊಟ್ಟೆಯಲ್ಲಿ ಅದೇ ಆಗುತ್ತದೆ, ಹತ್ತಾರು ಪಟ್ಟು ತೀವ್ರವಾಗಿ. ಗಾಜಿನ ಸ್ಕ್ವಿಡ್‌ಗೆ ಆ ತೊಂದರೆಯಿಲ್ಲ. ಅದನ್ನು ಕೊಲ್ಲುವುದು ಬಲೆಯ ಉಜ್ಜಾಟ. ಮೆತ್ತನೆಯ ಜೆಲ್ಲಿಯಂಥ ಮೈ ದಾರದ ಕಣ್ಣುಗಳಿಗೆ, ಬಲೆಗೆ ಬಿದ್ದ ಬೇರೆ ಮೀನುಗಳ ಮುಳ್ಳುಗಳಿಗೆ ಸಿಕ್ಕಿ ಹರಿದುಹೋಗುತ್ತದೆ. ಚರ್ಮ ಕಿತ್ತು, ಬಾಹು ತುಂಡಾಗಿ, ಬಣ್ಣ ಕಳೆದುಕೊಂಡ ಮುದ್ದೆ ಮೇಲೆ ಬರುತ್ತದೆ. ಅದನ್ನು ನೋಡಿ ಜೀವಂತ ಪ್ರಾಣಿಯನ್ನು ಊಹಿಸುವುದು ಮಿಕ್ಸಿಗೆ ಹಾಕಿದ ಹೂವನ್ನು ನೋಡಿ ಹೂವಿನ ಆಕಾರ ಹೇಳಿದಂತೆ.

‘ಜಗತ್ತಿನ ಅತಿ ಕುರೂಪಿ ಪ್ರಾಣಿ’ ಎಂದು ನಗೆಪಾಟಲಾದ ಬ್ಲಾಬ್‌ಫಿಶ್‌ಗೆ ಆದದ್ದೂ ಇಂಥ ಅನ್ಯಾಯವೇ. ಜೋಲು ಮೂಗಿನ ಆ ಫೋಟೊ ಮೇಲಕ್ಕೆ ಎಳೆದು ತಂದ ಹೆಣದ್ದು. ನೀರಿನ ಆಸರೆಯಿರುವ ತನ್ನ ಆಳದಲ್ಲಿ ಅದು ಸಾಧಾರಣ ಮೀನಿನಂತೆಯೇ ಇರುತ್ತದೆ.

ದೊಡ್ಡ ಸ್ಕ್ವಿಡ್‌ಗಳ ವಿಷಯದಲ್ಲಿ ಬಲೆಗೆ ಇನ್ನೊಂದು ಸೋಲೂ ಇದೆ. ಬಲೆ ನಿಧಾನವಾಗಿ ಸಾಗುತ್ತದೆ, ನೀರನ್ನು ಕದಡುತ್ತದೆ, ಕದಡಿದ ನೀರಲ್ಲಿ ಮಿಣುಕುವ ಸೂಕ್ಷ್ಮಜೀವಿಗಳು ಬೆಳಗುತ್ತವೆ. ಫುಟ್‌ಬಾಲ್‌ಗಿಂತ ದೊಡ್ಡ ಕಣ್ಣಿರುವ ಪ್ರಾಣಿಗೆ ಅಷ್ಟು ಸುಳಿವು ಸಾಕು. 2012ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದರ ಪ್ರಕಾರ ಇಂಥ ಕಣ್ಣಿನ ಮುಖ್ಯ ಲಾಭವೇ ಇದು: ತಿಮಿಂಗಿಲ ಈಜಿ ಬರುವಾಗ ಅದರ ಸುತ್ತ ಏಳುವ ಮಿಣುಕು ಬೆಳಕನ್ನು 120 ಮೀಟರ್‌ಗೂ ಹೆಚ್ಚು ದೂರದಿಂದ ಗುರುತಿಸಬಹುದು.

ರೋಬಾಟ್ ಇಳಿಸುವುದು ಹೇಗೆ?

ಮರಿಯನ್ನು ಚಿತ್ರೀಕರಿಸಿದ್ದು ಶ್ಮಿಟ್ ಓಷನ್ ಇನ್‌ಸ್ಟಿಟ್ಯೂಟ್‌ನ ‘ಫಾಲ್ಕರ್ ಟೂ’ ಹಡಗಿನಿಂದ ಇಳಿದ ‘ಸುಬಾಸ್ಟಿಯನ್’. 4,500 ಮೀಟರ್‌ವರೆಗೆ ಇಳಿಯಬಲ್ಲ ಮಾನವರಹಿತ ಯಂತ್ರ. ಇದರೊಳಗೆ ಯಾರೂ ಕೂರುವುದಿಲ್ಲ. ಹಡಗಿನ ಕೋಣೆಯಲ್ಲಿ ಪರದೆಗಳ ಮುಂದೆ ಕುಳಿತ ಪೈಲಟ್‌ಗಳು ಜಾಯ್‌ಸ್ಟಿಕ್ ಹಿಡಿದು ನಡೆಸುತ್ತಾರೆ. ಹಡಗಿಗೂ ಯಂತ್ರಕ್ಕೂ ನಡುವೆ ಉದ್ದನೆಯ ಕೇಬಲ್. ಕೆಳಗೆ ಹೋಗುವ ವಿದ್ಯುತ್, ಮೇಲೆ ಬರುವ ದೃಶ್ಯ ಎರಡೂ ಅದರಲ್ಲೇ. ರೇಡಿಯೊ ಅಲೆಗಳು ಸಮುದ್ರದ ನೀರನ್ನು ಹಾದು ಹೋಗಲಾರವು, ಹಾಗಾಗಿ ಬಾವಿಗೆ ಕೊಡ ಇಳಿಸಿದಂತೆ ಹಗ್ಗ ಕಟ್ಟಿಯೇ ಇಳಿಸಬೇಕು.

ಕೊಡವನ್ನು ಎಳೆಯುವವರು ಅಲುಗಾಡಿದರೆ ಕೊಡ ಗೋಡೆಗೆ ಬಡಿಯುತ್ತದೆ. ಇಲ್ಲೂ ಅಷ್ಟೇ. ದಕ್ಷಿಣ ಮಹಾಸಾಗರದ ಅಲೆಗಳಲ್ಲಿ ಹಡಗು ಏರಿ ಇಳಿದರೆ ಕೇಬಲ್ ಜಗ್ಗುತ್ತದೆ. ಅದಕ್ಕೆ ಹಡಗು ಉಪಗ್ರಹದ ಸ್ಥಾನಮಾಹಿತಿ ನೋಡಿಕೊಂಡು, ತನ್ನ ಪ್ರೊಪೆಲರ್‌ಗಳನ್ನು ತಾನೇ ತಿರುಗಿಸಿಕೊಂಡು, ಲಂಗರಿಲ್ಲದೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಗಾಳಿ ಜೋರಾದರೆ ಆ ದಿನದ ಇಳಿತ ರದ್ದು.

ಬೆಳಕಿನದು ಬೇರೆಯೇ ಗೋಳು. ಆಳದ ನೀರಿನಲ್ಲಿ ಸತ್ತ ಜೀವಿಗಳ ಚೂರು, ಹಿಕ್ಕೆ, ಲೋಳೆ ಸದಾ ಮೇಲಿನಿಂದ ಉದುರುತ್ತಿರುತ್ತವೆ. ‘ಸಾಗರದ ಹಿಮ’ ಎಂಬ ಸೊಗಸಾದ ಹೆಸರಿದೆ ಅದಕ್ಕೆ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ರಸ್ತೆ ಕಾಣುವ ಬದಲು ಬಿಳಿ ಗೋಡೆ ಕಾಣುವಂತೆ, ಕ್ಯಾಮೆರಾದ ಪಕ್ಕದಲ್ಲೇ ದೀಪವಿದ್ದರೆ ಈ ಚೂರುಗಳೆಲ್ಲ ಕಣ್ಣಿಗೆ ರಾಚುತ್ತವೆ. ಅದಕ್ಕೆ ದೀಪಗಳನ್ನು ಕ್ಯಾಮೆರಾದಿಂದ ದೂರ, ಓರೆಯಾಗಿ ಕೂರಿಸುತ್ತಾರೆ. ಅಳತೆಗೆ ಸಾಮಾನ್ಯವಾಗಿ ಎರಡು ಸಮಾನಾಂತರ ಲೇಸರ್ ಕಿರಣ ಬಿಡುತ್ತಾರೆ. ಎರಡು ಚುಕ್ಕೆಗಳ ನಡುವಿನ ಅಂತರ ಮೊದಲೇ ಗೊತ್ತಿರುವುದರಿಂದ, ಚುಕ್ಕೆ ಬಿದ್ದ ಪ್ರಾಣಿಯ ಗಾತ್ರವೂ ಗೊತ್ತಾಗುತ್ತದೆ. ಲೇಸರ್ ಬೀಳದಿದ್ದರೆ ಪರದೆಯ ಮೇಲೆ ಇಲಿಯೂ ಹುಲಿಯೂ ಒಂದೇ.

ಇದೇ ಎಂದು ಹೇಳಿದ್ದು ಹೇಗೆ?

ಗಾಜಿನ ಸ್ಕ್ವಿಡ್‌ಗಳ ಮರಿಗಳು ಒಂದನ್ನೊಂದು ಬಹಳ ಹೋಲುತ್ತವೆ. ಅದೇ ವರ್ಷದ ಜನವರಿಯಲ್ಲಿ, ಅಂಟಾರ್ಕ್ಟಿಕಾ ಬಳಿಯ ಬೆಲ್ಲಿಂಗ್ಸ್‌ಹೌಸನ್ ಸಮುದ್ರದಲ್ಲಿ, 687 ಮೀಟರ್ ಆಳದಲ್ಲಿ ಇದೇ ರೋಬಾಟ್ ಮತ್ತೊಂದು ಗಾಜಿನ ಸ್ಕ್ವಿಡ್ ಅನ್ನು ಚಿತ್ರೀಕರಿಸಿತ್ತು. ಅದರ ಹೆಸರು ಗ್ಯಾಲಿಟೂಥಿಸ್ ಗ್ಲೇಸಿಯಾಲಿಸ್. ಅದೂ ಜೀವಂತವಾಗಿ ಕಂಡದ್ದು ಮೊದಲ ಸಲವೇ, ಆದರೆ ಹೆಸರಿನಲ್ಲಿ ‘ಕೊಲಾಸಲ್’ ಇಲ್ಲದ್ದಕ್ಕೆ ಪಾಪ, ಅಷ್ಟು ಸುದ್ದಿಯಾಗಲಿಲ್ಲ. ಎರಡಕ್ಕೂ ಪಾರದರ್ಶಕ ಮೈ. ಎರಡಕ್ಕೂ ಉದ್ದ ಬಾಹುಗಳ ತುದಿಯಲ್ಲಿ ಚೂಪು ಕೊಕ್ಕೆ.

ವ್ಯತ್ಯಾಸ ಇರುವುದು ಉಳಿದ ಎಂಟು ತೋಳುಗಳಲ್ಲಿ. ಕೊಲಾಸಲ್‌ಗೆ ಆ ತೋಳುಗಳ ನಡುಭಾಗದಲ್ಲೂ ಕೊಕ್ಕೆಗಳಿರುತ್ತವೆ, ಗ್ಲೇಸಿಯಾಲಿಸ್‌ಗೆ ಇರುವುದಿಲ್ಲ. ಹೆಸರಿನಲ್ಲೇ ಇದ್ದ ‘ನಡುವಿನ ಕೊಕ್ಕೆ’ ನೂರು ವರ್ಷದ ನಂತರ ಕೆಲಸಕ್ಕೆ ಬಂತು. 4ಕೆ ದೃಶ್ಯವನ್ನು ಹಿಗ್ಗಿಸಿ ನೋಡಿ, ಆಕ್ಲೆಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಕ್ಯಾಟ್ ಬೋಲ್‌ಸ್ಟಾಡ್ ಮತ್ತು ಗಾಜಿನ ಸ್ಕ್ವಿಡ್ ಪರಿಣತ ಆರನ್ ಇವಾನ್ಸ್ ಗುರುತನ್ನು ಖಚಿತಪಡಿಸಿದರು. ದೃಶ್ಯ ಮಸುಕಾಗಿದ್ದರೆ, ತೋಳುಗಳು ಮಡಚಿಕೊಂಡಿದ್ದರೆ, ಈ ಸುದ್ದಿಯೇ ಇರುತ್ತಿರಲಿಲ್ಲ.

‘ಮೊದಲ ಬಾರಿ’ ಎಂಬ ಮಾತಿಗೂ ಮಿತಿ ಇದೆ. ಗಾಳಕ್ಕೆ ಸಿಕ್ಕಿ ಮೇಲೆ ಬಂದು ಸಾಯುತ್ತಿದ್ದ ದೊಡ್ಡ ಕೊಲಾಸಲ್‌ಗಳನ್ನು ಮೀನುಗಾರರು ಹಿಂದೆಯೇ ಚಿತ್ರೀಕರಿಸಿದ್ದರು. ಈಗ ಹೊಸದು ಎಂದರೆ ತನ್ನ ಆಳದಲ್ಲಿ, ತನ್ನ ಪಾಡಿಗೆ ತಾನಿದ್ದಾಗ ಕಂಡದ್ದು. ಅದೂ ಮರಿ. ಬೆಳೆದಂತೆ ಈ ಪಾರದರ್ಶಕತೆ ಹೋಗುತ್ತದೆ.

ದೊಡ್ಡದನ್ನು ನೋಡಲು ದೀಪ ಆರಿಸಬೇಕು

ಜೈಂಟ್ ಸ್ಕ್ವಿಡ್‌ನ ಕತೆ ಇಲ್ಲಿ ದಾರಿ ತೋರಿಸುತ್ತದೆ. 2004ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಒಗಸಾವಾರ ದ್ವೀಪಗಳ ಬಳಿ ತ್ಸುನೆಮಿ ಕುಬೊಡೆರಾ ಮತ್ತು ಕ್ಯೊಇಚಿ ಮೋರಿ ಸುಮಾರು 900 ಮೀಟರ್ ಆಳಕ್ಕೆ ಆಮಿಷ ಕಟ್ಟಿದ ಸ್ಥಿರ ಕ್ಯಾಮೆರಾ ಇಳಿಬಿಟ್ಟು ಅದರ ಫೋಟೊ ತೆಗೆದರು. 2012ರಲ್ಲಿ ಅದೇ ಭಾಗದಲ್ಲಿ ಅಮೆರಿಕದ ಈಡಿತ್ ವಿಡ್ಡರ್ ಉಪಾಯವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಸದ್ದು ಮಾಡುವ ಮೋಟಾರ್ ಇಲ್ಲ, ಬಿಳಿ ದೀಪ ಇಲ್ಲ. ಆಳದ ಜೀವಿಗಳಿಗೆ ಕಾಣದ ಕೆಂಪು ಬೆಳಕು, ಕೆಂಪಿಗೆ ಸ್ಪಂದಿಸುವ ಕ್ಯಾಮೆರಾ. ಜೊತೆಗೆ ನೀಲಿ ಎಲ್‌ಇಡಿಗಳು ಸುತ್ತುತ್ತ ಮಿನುಗುವ ಕೃತಕ ಅಂಬಲಿಮೀನು (ಜೆಲ್ಲಿಫಿಶ್).

ಅಂಬಲಿಮೀನು ಏಕೆ? ಅಟೋಲಾ ಎಂಬ ಜಾತಿಯ ಅಂಬಲಿಮೀನು ಯಾರಾದರೂ ಕಚ್ಚಿದಾಗ ಚಕ್ರದಂತೆ ಬೆಳಕು ಹರಿಸುತ್ತದೆ. ಕಳ್ಳ ನುಗ್ಗಿದಾಗ ಮನೆಯವರು ಕೂಗಿಕೊಂಡು ಊರನ್ನೇ ಸೇರಿಸುವ ತಂತ್ರ ಅದು. ಕಚ್ಚಿದವನನ್ನು ತಿನ್ನಬಲ್ಲ ಇನ್ನೂ ದೊಡ್ಡವನನ್ನು ಕರೆಯುವುದೇ ಉದ್ದೇಶ. ಆ ದೊಡ್ಡವನೇ ಜೈಂಟ್ ಸ್ಕ್ವಿಡ್ ಆಗಿ ಬಂತು. 2019ರಲ್ಲಿ ಮೆಕ್ಸಿಕೊ ಕೊಲ್ಲಿಯ 759 ಮೀಟರ್ ಆಳದಲ್ಲೂ ಇದೇ ಉಪಾಯ ಫಲಿಸಿತು. ಸ್ಕ್ವಿಡ್ ಹಸಿದು ಮಾಂಸದ ವಾಸನೆ ಹಿಡಿದು ಬಂದದ್ದಲ್ಲ, ಬೆಳಕನ್ನು ನೋಡಿಕೊಂಡು ಬಂದದ್ದು.

ಕೊಲಾಸಲ್‌ಗೂ ಇದೇ ದಾರಿ ಎಂದರೆ ತೊಡಕೊಂದಿದೆ. ಅದು ಅಟ್ಟಿಸಿಕೊಂಡು ಹೋಗುವ ಬೇಟೆಗಾರನಲ್ಲ, ಹೊಂಚುಹಾಕಿ ಕಾಯುವ ಜೀವಿ ಎಂಬ ಊಹೆ ಬಲವಾಗಿದೆ. ಕೊರೆಯುವ ತಣ್ಣೀರಿನಲ್ಲಿ ಅದರ ಮೈ ಎಷ್ಟು ನಿಧಾನವಾಗಿ ಶಕ್ತಿ ಬಳಸುತ್ತದೆಂದರೆ, 500 ಕಿಲೋದ ಪ್ರಾಣಿಗೆ ದಿನಕ್ಕೆ ಸುಮಾರು 30 ಗ್ರಾಂ ಆಹಾರ ಸಾಕೆಂದು 2010ರ ಲೆಕ್ಕವೊಂದು ಹೇಳುತ್ತದೆ. ಒಂದು ಹಿಡಿ ಕಡಲೆಬೀಜದಷ್ಟು! ಅಷ್ಟು ಕಡಿಮೆ ಹಸಿವಿನ ಪ್ರಾಣಿ ಆಮಿಷ ಕಂಡೊಡನೆ ಓಡಿಬರುವ ಅವಸರದಲ್ಲಿ ಇರುವುದಿಲ್ಲ. ಕ್ಯಾಮೆರಾವನ್ನು ಗಂಟೆಗಟ್ಟಲೆ ಅಲ್ಲ, ದಿನಗಟ್ಟಲೆ ಕತ್ತಲಲ್ಲಿ ಬಿಡಬೇಕಾದೀತು. ದಕ್ಷಿಣ ಮಹಾಸಾಗರದ ಬಿರುಗಾಳಿ ಮತ್ತು ಮಂಜುಗಡ್ಡೆಗಳ ನಡುವೆ ಹಡಗು ಅಷ್ಟು ದಿನ ನಿಲ್ಲುವುದು ದುಬಾರಿ ಬಾಬತ್ತು.

ನೋಡಿರುವುದೆಷ್ಟು?

2025ರ ಮೇನಲ್ಲಿ ಪ್ರಕಟವಾದ ಅಧ್ಯಯನವೊಂದು 1958ರಿಂದ ನಡೆದ ಸುಮಾರು 44,000 ಆಳ ಇಳಿತಗಳ ದಾಖಲೆ ಕಲೆಹಾಕಿತು. 200 ಮೀಟರ್‌ಗಿಂತ ಆಳದ ಸಮುದ್ರತಳದಲ್ಲಿ ಕಣ್ಣಾರೆ ಕಂಡ ಭಾಗ ಶೇಕಡಾ 0.001ಕ್ಕಿಂತ ಕಡಿಮೆ. ಅಷ್ಟನ್ನೂ ಒಟ್ಟು ಸೇರಿಸಿದರೆ ನಮ್ಮ ಕೊಡಗು ಜಿಲ್ಲೆಯಷ್ಟೂ ಆಗುವುದಿಲ್ಲ. ಅದರಲ್ಲೂ ಶೇಕಡಾ 65ಕ್ಕೂ ಹೆಚ್ಚು ಇಳಿತಗಳು ಅಮೆರಿಕ, ಜಪಾನ್, ನ್ಯೂಜಿಲೆಂಡ್ ಕರಾವಳಿಗಳ 200 ನಾಟಿಕಲ್ ಮೈಲಿಯೊಳಗೇ ನಡೆದವು. ಇದು ತಳದ ಲೆಕ್ಕ ಮಾತ್ರ. ಸ್ಕ್ವಿಡ್ ಇರುವುದು ತಳಕ್ಕೂ ಮೇಲ್ಮೈಗೂ ನಡುವಿನ ನೀರಿನಲ್ಲಿ.

ಹಿಂದೂ ಮಹಾಸಾಗರದ ಆಳಕ್ಕೆ ಇಳಿಯಲು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ‘ಮತ್ಸ್ಯ 6000’ ಎಂಬ ಜಲಾಂತರ ವಾಹನ ಕಟ್ಟುತ್ತಿದೆ. ಮೂವರು ಕೂರುವ ಟೈಟಾನಿಯಂ ಗೋಳ, ಅಡ್ಡಳತೆ 2.1 ಮೀಟರ್, ಗೋಡೆಯ ದಪ್ಪ 80 ಮಿಲಿಮೀಟರ್, ಗುರಿ 6,000 ಮೀಟರ್. ಗೋಳಾಕಾರವೇ ಏಕೆಂದರೆ ಒತ್ತಡ ಎಲ್ಲ ಕಡೆ ಸಮವಾಗಿ ಹಂಚಿಹೋಗುತ್ತದೆ, ಬಳುಕುವ ಮೂಲೆ ಇರುವುದಿಲ್ಲ. ಸ್ಕ್ವಿಡ್ ಒಳಗೆ ನೀರು ತುಂಬಿಕೊಂಡು ಪಾರಾದರೆ, ಮನುಷ್ಯನಿಗೆ ಉಸಿರಾಡಲು ಗಾಳಿ ಬೇಕು. ಆ ಗಾಳಿಯ ಗುಳ್ಳೆಯನ್ನು ಕಾಯುವುದಕ್ಕೇ ಅಷ್ಟು ದಪ್ಪ ಲೋಹ.

ವಾಟ್ಸ್ಆ್ಯಪ್‌ಗೆ ಬಂದ ವಿಡಿಯೊ ನೋಡುವಾಗ

ಇಂಥ ಸುದ್ದಿಯ ಬೆನ್ನಿಗೇ ನಕಲಿ ‘ಸಮುದ್ರ ರಾಕ್ಷಸ’ಗಳ ವಿಡಿಯೊ ಹರಿದಾಡುತ್ತವೆ. ಅಸಲಿ ಸಂಶೋಧನಾ ದೃಶ್ಯಗಳ ಪರದೆಯ ಅಂಚಿನಲ್ಲಿ ಆಳ, ದಿನಾಂಕದಂಥ ವಿವರ ಇರುವುದುಂಟು. ಹಡಗಿನ, ರೋಬಾಟ್‌ನ ಹೆಸರಂತೂ ಸುದ್ದಿಯ ಜೊತೆಗೆ ಬಂದೇ ಬರುತ್ತದೆ. ದೀಪದ ಬೆಳಕಿನಲ್ಲಿ ಬಿಳಿ ಚೂರುಗಳು ತೇಲುತ್ತಿರಬೇಕು. ಆಳದ ನೀರು ಈಜುಕೊಳದಂತೆ ತಿಳಿಯಾಗಿದ್ದರೆ ಅನುಮಾನಿಸಿ. ಸಾವಿರ ಮೀಟರ್ ಕೆಳಗೆ ಮೇಲಿನಿಂದ ಬಿಸಿಲಿನ ಕೋಲುಗಳು ಇಳಿಯುತ್ತಿದ್ದರೆ ಅದು ಸುಳ್ಳೇ. ಪಕ್ಕದಲ್ಲಿ ಮುಳುಗುಗಾರನೊಬ್ಬ ಕೈಬೀಸುತ್ತಿದ್ದರೂ ಅಷ್ಟೇ. ಕೊನೆಗೆ ಬಾಹು ಎಣಿಸಿ. ಸ್ಕ್ವಿಡ್‌ಗೆ ಎಂಟು ತೋಳು, ಎರಡು ಬಾಹು, ಒಟ್ಟು ಹತ್ತು. ಕಂಪ್ಯೂಟರ್ ಬಿಡಿಸಿದ ರಾಕ್ಷಸಗಳು ಹೆಚ್ಚಾಗಿ ಸಿಕ್ಕಿಬೀಳುವುದು ಈ ಲೆಕ್ಕದಲ್ಲೇ.